ಹತ್ತರ ಆಟ ಏಳಕ್ಕೆ ಬಂದ ಚಳಿಗಾಲ

ಚಿಕ್ಕೋಡಿಯಿಂದ ರಾಯಬಾಗಕ್ಕೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಕಬ್ಬೂರ ದಾಟಿ ಸ್ವಲ್ಪ ದೂರ ಹೋಗಿದ್ದೆವೇನೋ, ಕಿಟಕಿಯಿಂದ ಕಾಕಂಬಿಯ, ಸಕ್ಕರೆ ತೆಗೆದುಳಿದ ಕಪ್ಪು ಪಾಕದ, ವಾಸನೆ ಒಳಗೆ ನುಗ್ಗಿತು. ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾಯಿತೆಂದರೆ ಈ ಸೀಮೆಯ ತುಂಬ ಇದೇ ವಾಸನೆ. ಹೊಸಬರಿಗೆ ಇದು ತಡೆಯದು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಓಢಣಿಯಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿ ಎದೆ ತುಂಬ ಎಳೆದುಕೊಂಡೆ. ಹುಚ್ಚಿ ಅಂದುಕೊಂಡಿರಬೇಕು ಅವಳು. ಅಂದುಕೊಳ್ಳಲಿ ಬಿಡಿ. ಆ ವಾಸನೆಯಲ್ಲಿ ನನ್ನದೊಂದು ಚಳಿಗಾಲವಿದೆ, ಒಂದು ನಾಟಕ ಕಂಪನಿಯಿದೆ, ಶಾಂತಕ್ಕ ಇದ್ದಾರೆ.

ಈಗ ನಾನು ಹುಬ್ಬಳ್ಳಿಯಲ್ಲಿ, ಕಾರ್ಯಕ್ರಮಗಳಿಗೆ ಟಿಕೆಟ್ ಮಾರಿಸಿಕೊಡುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹಾಡು, ಹಾಸ್ಯ, ಕುಣಿತ, ಏನಿದ್ದರೂ ಮೊಬೈಲಿನಲ್ಲೇ ಪೋಸ್ಟರು, ಮೊಬೈಲಿನಲ್ಲೇ ಟಿಕೆಟ್ಟು. ರಾಯಬಾಗದಲ್ಲಿ ಇಟ್ಟಿದ್ದ ಒಂದು ಹಾಸ್ಯದ ಕಾರ್ಯಕ್ರಮಕ್ಕೆ ಟಿಕೆಟ್ ಅಲ್ಲಾಡುತ್ತಲೇ ಇರಲಿಲ್ಲ. "ಪೋಸ್ಟರ್ ಮೂರು ಸಲ ಬದಲಾಯಿಸಿದೆವು, ರಿಯಾಯಿತಿಯನ್ನೂ ಕೊಟ್ಟೆವು, ಏನಾಗಿದೆ ನೋಡಿಕೊಂಡು ಬನ್ನಿ," ಎಂದು ಸಾಹೇಬರು ನನ್ನನ್ನು ಕಳಿಸಿದ್ದರು. ಕಾಕಂಬಿಯ ವಾಸನೆ ಮೂಗಿಗೆ ಬಡಿಯುವವರೆಗೂ ನನಗೂ ಏನೂ ಹೊಳೆದಿರಲಿಲ್ಲ, ಸುಳ್ಳೇಕೆ ಹೇಳಲಿ.

ಕೊರೊನಾ ಕಳೆದ ಮರುವರ್ಷದ ಮಾತು. ನಾನು ಇಳಕಲ್ಲಿನವಳು. ಡಿ.ಎಡ್. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದೆ. ಊರಿನ ಕಸದ ಗಾಡಿಗೆ "ಹಸಿ ಕಸ ಬ್ಯಾರೆ ಹಾಕ್ರಿ, ಒಣ ಕಸ ಬ್ಯಾರೆ ಹಾಕ್ರಿ" ಎಂದು ದನಿ ಕೊಟ್ಟದ್ದೇ ಅಲ್ಲಿಯವರೆಗಿನ ನನ್ನ ದೊಡ್ಡ ಸಾಧನೆ. ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಶಾಂತಕ್ಕ ಒಂದು ದಿನ ನನ್ನನ್ನು ತಡೆದು ನಿಲ್ಲಿಸಿದರು.

"ಆ ಕಸದ ಗಾಡ್ಯಾಗ ಒದರೂದು ನೀನ ಏನ್ ಬೇ, ಸುಮಿತ್ರಾ?"

ನಾಚಿಕೊಂಡು ಹೌದೆಂದೆ.

"ಕಸಕ್ಕ ಮಂದೀನ ಮನಿ ಬಿಟ್ಟು ಹೊರಗ ತರೂ ದನಿ, ನಾಟಕಕ್ಕ ತರೂದಿಲ್ಲೇನು? ನಡಿ ನನ್ನ ಜೋಡಿ."

ಶಾಂತಕ್ಕ ಹನ್ನೆರಡನೆಯ ವಯಸ್ಸಿಗೆ ನಾಟಕ ಕಂಪನಿ ಸೇರಿದವರು. ಬಾಲಪಾತ್ರ ಮಾಡಿದರು, ನಾಯಕಿಯಾದರು, ಆಮೇಲೆ ತಾಯಿ, ಆಮೇಲೆ ಅತ್ತೆ. ಆಗ ಅವರಿಗೆ ಐವತ್ತೆಂಟು. ಮಾಲಕರು ವಯಸ್ಸಾಗಿ ಮನೆ ಹಿಡಿದಿದ್ದರಿಂದ ಊರೂರಿಗೆ ತಂಬು ಹಾಕಿ ಕ್ಯಾಂಪು ನಡೆಸುವುದೂ ಇವರ ತಲೆಗೇ ಬಂದಿತ್ತು. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಲೇ ಅಡಿಗೆಯವನಿಗೆ ಹೇಳಬೇಕು, ಲೈಟಿನವನನ್ನು ಬೈಯಬೇಕು, ನಾಯಕನ ಸಿಟ್ಟು ಇಳಿಸಬೇಕು. ಅಷ್ಟೆಲ್ಲ ಮಾಡಿ ಪರದೆ ಸರಿದಾಗ ಇದೇ ಹೆಂಗಸು ಬೇರೆಯೇ ಆಗಿ ನಿಂತಿರುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಬಾಯಿ ತೆರೆದು ನೋಡುತ್ತಿದ್ದೆ.

ಎರಡು ವರ್ಷ ಗೋಡೌನಿನಲ್ಲಿ ಮಡಚಿಟ್ಟಿದ್ದ ತಂಬು ಬಿಚ್ಚಿದಾಗ ಇಲಿ ಕಡಿದ ತೂತುಗಳಿದ್ದವು. ಹದಿನಾರು ಕಲಾವಿದರಿದ್ದ ಕಂಪನಿಯಲ್ಲಿ ಒಂಬತ್ತು ಮಂದಿ ಉಳಿದಿದ್ದರು. ಮೊದಲು ದಿನಕ್ಕೆರಡು ಆಟ ಆಡುತ್ತಿದ್ದವರು ಈಗ ಒಂದೇ ಆಟ, ರಾತ್ರಿ ಹತ್ತೂಕಾಲಿಗೆ. ನಿಪ್ಪಾಣಿಯಲ್ಲಿ ಹಾಕಿದ ಕ್ಯಾಂಪು ನೆಲ ಕಚ್ಚಿತು. ದಿನವಿಡೀ ಬೀಡಿ ಕಟ್ಟಿ ಬೆರಳು ಸೋತ ಹೆಂಗಸರು ಆ ಹೊತ್ತಿಗೆ ಎಲ್ಲಿ ಬರಬೇಕು? ಅಲ್ಲಿಂದ ಎತ್ತಿ ರಾಯಬಾಗಕ್ಕೆ ಬಂದೆವು. ಊರ ಹೊರಗಿನ ಬಯಲು, ಮೂರು ಕಡೆ ಎತ್ತರದ ಕಬ್ಬು, ಬೆಳಗಿನ ಜಾವ ಹಲ್ಲು ಕಟಕಟ ಅನ್ನುವ ಚಳಿ, ಮೇಲೆ ಕಾಕಂಬಿಯ ವಾಸನೆ. ಇನ್ನೂರು ಕುರ್ಚಿ ಹಾಕಿದರೆ ಮೂವತ್ತು ತುಂಬುತ್ತಿದ್ದವು. ಅದರಲ್ಲೂ ಕಬ್ಬು ಇಳಿಸಿ ಬಂದ ಟ್ರಾಕ್ಟರ್ ಡ್ರೈವರುಗಳು ಅರ್ಧ ಮಂದಿ, ಪಾಪ, ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು.

ಆಡುತ್ತಿದ್ದ ನಾಟಕದ ಹೆಸರು 'ಮನೆತನದ ಕೀಲಿ'. ಟಿಕೆಟ್ ಹೋಗದಿದ್ದಾಗ ನಾಯಕ ಪಾತ್ರದ ವೀರಭದ್ರಪ್ಪ ಒಂದು ಉಪಾಯ ಹೇಳಿದರು. ಹೆಸರು ಬದಲಿಸಿ 'ಅತ್ತಿ ಕೈಯಾಗ ಕೀಲಿ, ಸೊಸಿ ಕೈಯಾಗ ಮೊಬೈಲ್' ಎಂದು ಬೋರ್ಡು ಬರೆಸಿ, ಹೊಚ್ಚ ಹೊಸ ನಾಟಕ ಎಂದು ಕೂಗಬೇಕಂತೆ. ನಾನು ಆಟೋದಲ್ಲಿ ಮೈಕು ಹಿಡಿದು ಎರಡು ದಿನ ಕೂಗಿದ್ದೂ ಕೂಗಿದ್ದೇ. ಎರಡನೆಯ ರಾತ್ರಿ ಮುಂದಿನ ಸಾಲಿನಿಂದ ಒಬ್ಬ ಎದ್ದು ನಿಂತು, "ಇದು ಮನ್ನೆ ನೋಡಿದ್ದ ಐತ್ರಿ, ಬರೇ ಬೋರ್ಡ್ ಹೊಸಾದು," ಎಂದ. ಆಟ ಮುಗಿದ ಮೇಲೆ ಶಾಂತಕ್ಕ ಬೋರ್ಡು ಇಳಿಸಿಬಿಟ್ಟರು.

"ಹೆಸರ ಬದ್ಲಿ ಮಾಡಿದ್ರ ಮಂದಿ ಒಮ್ಮೆ ಮೋಸ ಹೋಗತಾರ. ಆಟ ಬದ್ಲಿ ಮಾಡಿದ್ರ ಮತ್ತೊಮ್ಮೆ ಬರತಾರ," ಎಂದರು. ಈಗ ನಮ್ಮ ಆಫೀಸಿನ ಗೋಡೆಯ ಮೇಲೆ ಬರೆಸಬೇಕಾದ ಮಾತು ಅದು. ಆಗ ಮಾತ್ರ ನನ್ನ ಕಿವಿಯ ಮೇಲೆ ಹಾದುಹೋಯಿತು.

ಮಾಲಕರ ಫೋನು ಬಂದದ್ದು ಮರುದಿನ. ಶಾಂತಕ್ಕ ಸ್ಪೀಕರಿಗೆ ಹಾಕಿದ್ದರಿಂದ ನಾವೆಲ್ಲ ಕೇಳಿದೆವು. "ಶಾಂತಾ, ಇನ್ನ ಎಂಟ ದಿನ ನೋಡತೇನಿ. ತಂಬು ತುಂಬಲಿಲ್ಲ ಅಂದ್ರ ಬಿಚ್ಚಿಬಿಡು. ಶಾಮಿಯಾನಾದವರು ಕೇಳಾಕತ್ತಾರ, ಕೊಟ್ಟ ಬಿಡತೇನಿ." ತಂಬು ಹೋಯಿತೆಂದರೆ ಕಂಪನಿ ಹೋದಂತೆ. ನನಗೇನು, ಊರಿಗೆ ಹೋಗಿ ಮತ್ತೆ ಕಸದ ಗಾಡಿಗೆ ಕೂಗುತ್ತಿದ್ದೆ. ಶಾಂತಕ್ಕ ಎಲ್ಲಿಗೆ ಹೋಗಬೇಕು? ನಲವತ್ತಾರು ವರ್ಷ ಆ ತಂಬಿನೊಳಗೇ ಕಳೆದವರು. "ತಂಗಿ ಮನಿಗೆ ಹೋಗತೇನಿ, ಅಲ್ಲೆ ಮೂಲ್ಯಾಗ ಕುಂತ ಬ್ಯಾಳಿ ಹಸನ ಮಾಡತೇನಿ," ಎಂದು ನಕ್ಕರು. ಆ ನಗು ನನಗೆ ಇವತ್ತಿಗೂ ಸಹಿಸಲಾಗದು.

ಏನಾದರೂ ಮಾಡಲೇಬೇಕೆಂದು ನಾನೇ ಒಂದು ಜಾಣತನ ಹುಡುಕಿದೆ. ಟಿಕೆಟ್ ತೆಗೆದವರಿಗೆ ಇಂಟರ್ವಲ್‌ನಲ್ಲಿ ಕಾಂದಾಭಜಿ ಪುಕ್ಕಟೆ! ನಮ್ಮ ಕಡೆ ಈರುಳ್ಳಿ ಭಜಿ ಎಂದರೆ ಸತ್ತವನೂ ಎದ್ದು ಬರುತ್ತಾನೆ. ಅಡಿಗೆಯವನು ಒಪ್ಪಿದ, ಶಾಂತಕ್ಕ "ನೋಡು ಮತ್ತ" ಎಂದರು. ನಾನು ಆಟೋ ಹತ್ತಿದೆ. ಆಟೋ ಓಡಿಸುತ್ತಿದ್ದವನು ನಿಪ್ಪಾಣಿಯ ಬಾಬು. ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುವವನು, ನನಗೆ ಅಕ್ಕ ಎನ್ನದೆ ತಾಈ ಎನ್ನುತ್ತಿದ್ದ. ಇಬ್ಬರೂ ಅಥಣಿಯ ದಾರಿ ಹಿಡಿದು ಒಂದು ದೊಡ್ಡ ಹಳ್ಳಿಗೆ ಹೋದೆವು. ಸಂಜೆ ಐದೂವರೆಯಿರಬೇಕು. ಬಸದಿಯ ಮುಂದೆ ಆಟೋ ನಿಲ್ಲಿಸಿ ಗಂಟಲು ಹರಿಯುವ ಹಾಗೆ ಶುರುಮಾಡಿದೆ. ಓಣಿಯಲ್ಲಿ ನರಪಿಳ್ಳೆಯಿಲ್ಲ. ಎಲ್ಲ ಮನೆಯಿಂದಲೂ ಒಗ್ಗರಣೆಯ ವಾಸನೆ ಮಾತ್ರ ಬರುತ್ತಿತ್ತು.

ಎದುರಿನ ಮನೆಯಿಂದ ಒಬ್ಬ ಅಜ್ಜಿ ಎಡಗೈ ಸೊಂಟಕ್ಕಿಟ್ಟುಕೊಂಡು ಹೊರಗೆ ಬಂದರು. ಬಲಗೈ ಇನ್ನೂ ಎಂಜಲು.

"ಏ ತಂಗಿ, ಬಂದ್ ಮಾಡ ಅದನ್ನ! ಉಣ್ಣೂ ಹೊತ್ತಿನಾಗ ಏನ್ ಒದರತಿ?"

"ಇನ್ನೂ ಐದೂವರಿ ಆಗೇತಿ ಆಯಿ," ಎಂದೆ. ಅಲ್ಲಿ ಅಜ್ಜಿಗೆ ಆಯಿ ಅನ್ನುತ್ತಾರೆಂಬುದಷ್ಟು ಕಲಿತಿದ್ದೆ. "ನಾಟಕಕ್ಕ ಬರ್ರಿ. ರಾತ್ರಿ ಹತ್ತೂಕಾಲಿಗೆ ಐತಿ. ಕಾಂದಾಭಜಿ ಪುಕ್ಕಟೆ ಕೊಡತೇವಿ."

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾವ ಊರಾಕಿ ನೀ? ನಾವು ಜೈನರು. ಕಾಂದಾ ಮುಟ್ಟೂದಿಲ್ಲ. ಹೊತ್ತು ಮುಳಗಿದ ಮ್ಯಾಲ ಬಾಯಾಗ ಏನೂ ಹಾಕೂದಿಲ್ಲ. ಹತ್ತೂಕಾಲಿಗಿ ಅಂದ್ರ ನಮ್ಮದು ಒಂದು ನಿದ್ದಿ ಮುಗದಿರತೈತಿ. ನೀ ನಮ್ಮನ್ನ ಕರೀಲಾಕ ಬಂದೀಯೋ, ಅಣಗಸಲಾಕ ಬಂದೀಯೋ?"

ಬಾಗಿಲು ಬಾಗಿಲಿಗೆ ತಲೆಗಳು ಹೊರಬಂದವು. ಓಣಿಗೆ ಓಣಿಯೇ ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದಾರಿಯಲ್ಲಿ ಬಾಬುವಿನ ಮೇಲೆ ಹರಿಹಾಯ್ದೆ: "ನೀ ಈ ಕಡ್ಯಾಂವ, ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತು ತಾಈ," ಎಂದ ಅವನು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ. "ನೀವು ಕೇಳಲೇ ಇಲ್ಲಲ್ಲ."

ಕ್ಯಾಂಪಿಗೆ ಬಂದು ಶಾಂತಕ್ಕನ ಮುಂದೆ ಅಳುತ್ತ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕನ್ನಡಿಯ ಮುಂದೆ ಹುಬ್ಬು ತೀಡುತ್ತಿದ್ದವರು ಕೈ ನಿಲ್ಲಿಸಿದರು.

"ಹತ್ತಕ್ಕ ಒಂದ ನಿದ್ದಿ ಮುಗದಿರತೈತಿ ಅಂದ್ಲಾ ಆಯಿ?"

"ಹೌದ್ರಿ ಅಕ್ಕಾ."

"ಉಣ್ಣೂದು ಆರರಾಗ ಮುಗೀತೈತಿ. ಹಂಗಾರ ಏಳರಿಂದ ಒಂಬತ್ತರ ತನಾ ಏನ್ ಮಾಡತಾರ ಅವರು?"

ನನಗೆ ಗೊತ್ತಿರಲಿಲ್ಲ. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ನಲವತ್ತು ವರ್ಷದಿಂದ ಅಥಣಿ, ಕಾಗವಾಡ, ಚಿಕ್ಕೋಡಿ ಎಂದು ಈ ಸೀಮೆ ಸುತ್ತಿದ ಕಂಪನಿ, ಊರು ಎಷ್ಟು ಗಂಟೆಗೆ ಉಣ್ಣುತ್ತದೆ ಎಂದು ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಶಾಂತಕ್ಕ ಮೈಕಿಲ್ಲದೆ, ಪೋಸ್ಟರಿಲ್ಲದೆ ನನ್ನನ್ನು ಕರೆದುಕೊಂಡು ಆ ಆಯಿಯ ಮನೆಗೇ ಹೋದರು. ಬಾಗಿಲಲ್ಲಿ ನಿಂತು, "ಒಂದ ತಂಬಗಿ ನೀರ ಕೊಡ್ರಿ ಆಯಿ," ಎಂದರು. ಆಯಿಯ ಹೆಸರು ಚಂಪಾಬಾಯಿ. ನಳಕ್ಕೆ ಬಿಳಿ ಅರಿವೆ ಕಟ್ಟಿ ಸೋಸಿದ ನೀರು ಕೊಟ್ಟರು. ನನ್ನನ್ನು ಗುರುತು ಹಿಡಿದು, "ಭಜಿಯಾಕಿ ಬಂದಾಳ ನೋಡ್ರೇ!" ಎಂದು ಸೊಸೆಯಂದಿರನ್ನು ಕೂಗಿ ಕರೆದರು. ಶಾಂತಕ್ಕ ಕಟ್ಟೆಯ ಮೇಲೆ ಕೂತು ನಾಟಕದ ಸುದ್ದಿಯನ್ನೇ ಎತ್ತಲಿಲ್ಲ. ಎಮ್ಮೆ, ಮೊಮ್ಮಕ್ಕಳು, ಮೊಣಕಾಲು ನೋವು, ಎಲ್ಲ ಆಯಿತು. ಕೊನೆಗೆ ಮೆಲ್ಲಗೆ, "ಸಂಜೀಕ ಉಂಡ ಮ್ಯಾಲ ಏನ್ ಮಾಡತೀರಿ?" ಎಂದು ಕೇಳಿದರು.

"ಏನೈತಿ ಮಾಡೂದು? ಟೀವಿ ಮಾರಿ ನೋಡೂದು, ಸೊಸಿ ಮಾರಿ ನೋಡೂದು," ಎಂದರು ಆಯಿ. ಆಮೇಲೆ ದನಿ ಇಳಿಸಿ, "ಎಂಬತ್ತು ವರ್ಷ ಆತು, ಒಂದ ನಾಟಕ ನೋಡಿಲ್ಲವಾ ನಾ. ಸಣ್ಣಾಕಿ ಇದ್ದಾಗ ಅಪ್ಪ ಬಿಡಲಿಲ್ಲ. ಮದವಿ ಆದ ಮ್ಯಾಲ ಇವರು ಬಿಡಲಿಲ್ಲ. ಈಗ ಬ್ಯಾಡ ಅನ್ನಾವರ ಯಾರೂ ಇಲ್ಲ, ನಿದ್ದಿ ತಡಿಯೂದಿಲ್ಲ," ಎಂದರು.

ಶಾಂತಕ್ಕ ತಟ್ಟನೆ ಆಯಿಯ ಕೈ ಹಿಡಿದುಕೊಂಡರು. "ಏಳಕ್ಕ ಇಟ್ಟರ ಬರತೀರಿ?"

"ಹೋಗ ಬೇ! ನನ್ನ ಸಲುವಾಗಿ ಏಳಕ್ಕ ಇಡತಿ ಏನ್?"

ಇಟ್ಟರು. ಅಷ್ಟು ಸುಲಭಕ್ಕೆ ಆಗಲಿಲ್ಲ ಅನ್ನಿ. ವೀರಭದ್ರಪ್ಪ ಹಟ ಹಿಡಿದು ನಿಂತರು. "ಕಂಪನಿ ನಾಟಕ ಹತ್ತಕ್ಕ ಅಂದ್ರ ಹತ್ತಕ್ಕ. ಏಳಕ್ಕ ಸಾಲಿ ಗ್ಯಾದರಿಂಗ್ ಇರತಾವು. ಇರೂ ಮೂವತ್ತು ಮಂದೀನೂ ಕಳಕೊಂತೀರಿ ನೋಡ್ರಿ." ಅವರ ಮಾತಿನಲ್ಲಿ ಸತ್ಯವಿತ್ತು. ಎರಡು ಆಟ ಆಡುವಷ್ಟು ಮಂದಿ ನಮ್ಮಲ್ಲಿರಲಿಲ್ಲ. ಏಳಕ್ಕೆ ಇಟ್ಟರೆ ಹತ್ತಕ್ಕೆ ಬರುವ ಡ್ರೈವರುಗಳನ್ನು ಬಿಡಬೇಕು. ಉಳಿದದ್ದು ಆರು ದಿನ. ಶಾಂತಕ್ಕ ಒಂದೇ ಮಾತು ಹೇಳಿದರು: "ಮುಳಗೂದ ಆದ್ರ ಹೊಸಾ ನೀರಾಗ ಮುಳಗೂಣು, ವೀರಭದ್ರಣ್ಣ."

ಹೊತ್ತು ಬದಲಿಸಿದ್ದಕ್ಕಷ್ಟೇ ನಿಲ್ಲಲಿಲ್ಲ ಅವರು. ಎರಡು ದಿನ ಕೂತು ನಾಟಕವನ್ನೇ ಬಿಚ್ಚಿ ಹೊಲಿದರು. ಮೂರೂವರೆ ಗಂಟೆಯ ಆಟ ಎರಡು ಗಂಟೆಗೆ ಇಳಿಯಿತು. ನಾಯಕನ ಎರಡು ಭಾಷಣ ಹಾರಿಹೋದವು. ವೀರಭದ್ರಪ್ಪ ಆ ದಿನ ಊಟ ಬಿಟ್ಟರು. ನಾಟಕದ ಅತ್ತೆ ಈ ಸೀಮೆಯ ಅಜ್ಜಿಯಾದಳು. ಹೊತ್ತು ಮುಳುಗುವ ಮುಂಚೆ ಉಣ್ಣಲು ಹೊರಟವಳ ಮನೆಗೆ ಒಬ್ಬರ ಹಿಂದೊಬ್ಬರು ಬೀಗರು ಬರುತ್ತಾರೆ, ಅಜ್ಜಿ ಒಂದು ಕಣ್ಣು ಸೂರ್ಯನ ಮೇಲೆ, ಒಂದು ಕಣ್ಣು ತಾಟಿನ ಮೇಲೆ ಇಟ್ಟು ಒದ್ದಾಡುತ್ತಾಳೆ. ಬೀಗರನ್ನು ಬಿಟ್ಟು ಉಣ್ಣುವಂತಿಲ್ಲ, ವ್ರತ ಬಿಡುವಂತಿಲ್ಲ. ಕೊನೆಗೆ ಎಲ್ಲರಿಗೂ ಬಡಿಸಿ ತಾನು ಉಪವಾಸ ಮಲಗುತ್ತಾಳೆ. ನಗಿಸಿ ನಗಿಸಿ ಕೊನೆಗೆ ಅಳಿಸುವ ದೃಶ್ಯ. ಬರೆದ ಮೇಲೆ ಶಾಂತಕ್ಕ ಮತ್ತೆ ಆ ಹಳ್ಳಿಗೆ ಹೋಗಿ ಆಯಿಗೆ ಪೂರ್ತಿ ಓದಿ ತೋರಿಸಿದರು. "ನಿಮ್ಮನ್ನ ಆಟದಾಗ ತರಲೇನ್ರಿ? ಬ್ಯಾಡ ಅಂದ್ರ ಇಲ್ಲೇ ಹರದ ಒಗೀತೇನಿ."

ಆಯಿ ಕಣ್ಣೊರೆಸಿಕೊಂಡು, "ತರ್ರಿ. ಆದ್ರ ಸೀರಿ ಚಲೋದಿರಲಿ. ನಿಮ್ಮ ಕಂಪನಿ ಸೀರಿ ಬೋರ್ಡಿನ್ಯಾಗ ನೋಡೇನಿ, ಬರೇ ಝಗಝಗ," ಎಂದವರೇ ಒಳಗೆ ಹೋಗಿ ಟ್ರಂಕಿನಿಂದ ತಮ್ಮದೇ ಒಂದು ಹಸಿರು ಇಳಕಲ್ ಸೀರೆ ತಂದು ಕೊಟ್ಟರು. ನಮ್ಮೂರಿನ ಸೀರೆ! ನನಗೆ ಹಿಗ್ಗೋ ಹಿಗ್ಗು.

ಈಗ ನನ್ನ ಕೂಗೂ ಬದಲಾಯಿತು. ಭಜಿಯಿಲ್ಲ, ಹೊಚ್ಚ ಹೊಸದು ಎಂಬ ಬೊಗಳೆಯಿಲ್ಲ. ಐದೂವರೆಗೆ ಕೂಗುವುದು ಬಿಟ್ಟು ಬೆಳಿಗ್ಗೆ ಹಾಲಿನ ಡೇರಿಯ ಮುಂದೆ, ಮಂದಿ ಕ್ಯಾನು ಹಿಡಿದು ನಿಂತಿರುವಾಗ ಕೂಗಿದೆ. "ಹೊತ್ತು ಮುಳಗೂದ್ರಾಗ ಉಂಡು ಬರ್ರಿ, ಒಂಬತ್ತೂವರಿಗೆ ಮನಿ ಮುಟ್ಟರಿ. ಚಂಪಾ ಆಯಿ ಸೀರಿ ಸ್ಟೇಜ್ ಮ್ಯಾಲ ಬರತೈತಿ, ನೋಡಾಕ ಬರ್ರಿ!" ಸುದ್ದಿ ನನಗಿಂತ ಮೊದಲು ಓಡಿತು.

ಆದರೂ ಮೊದಲ ದಿನ ಏಳಕ್ಕೆ ಬಂದವರು ಇಪ್ಪತ್ತು ಮಂದಿ. ಹತ್ತಕ್ಕೆ ಡ್ರೈವರುಗಳು ಬಂದು ಖಾಲಿ ತಂಬು ನೋಡಿ ಬೈದು ಹೋದರು. ಎರಡನೆಯ ದಿನ ಐವತ್ತು. ಮೂರನೆಯ ದಿನವೂ ಅಷ್ಟೇ. ವೀರಭದ್ರಪ್ಪ ಖಾಲಿ ಕುರ್ಚಿಗಳನ್ನು ಎಣಿಸುತ್ತ ಓಡಾಡಿದರು. ಉಳಿದದ್ದು ಒಂದೇ ದಿನ. ಆ ದಿನ ಬರುತ್ತೇನೆಂದು ಆಯಿ ಹೇಳಿಕಳಿಸಿದ್ದರು.

ಏಳು ಬಡಿಯಿತು. ತಂಬಿನೊಳಗೆ ಅರ್ಧ ಕುರ್ಚಿ ಖಾಲಿ. ಆಯಿಯ ಸುಳಿವಿಲ್ಲ. "ಪಡದೆ ಸರಸ್ರಿ, ಇನ್ನ ಯಾರೂ ಬರೂದಿಲ್ಲ," ಎಂದರು ವೀರಭದ್ರಪ್ಪ. ಹಸಿರು ಸೀರೆಯುಟ್ಟು ನಿಂತಿದ್ದ ಶಾಂತಕ್ಕ ಅಲ್ಲಾಡಲಿಲ್ಲ. "ಮಾತು ಕೊಟ್ಟಾರ, ಬರತಾರ." ಏಳೂ ಐದು. ಏಳೂ ಹತ್ತು. ಆಗ ಕಬ್ಬಿನ ಆಚೆ ರಸ್ತೆಯಲ್ಲಿ ಟ್ರಾಕ್ಟರಿನ ಸದ್ದು ಕೇಳಿತು. ನಾನು ಓಡಿ ಹೊರಗೆ ಬಂದೆ. ಒಂದಲ್ಲ, ಸಾಲಾಗಿ ಆರು ಟ್ರಾಕ್ಟರು! ಟ್ರೇಲರುಗಳಲ್ಲಿ ಕಬ್ಬಿನ ಒಣಗರಿಯ ರವದಿ ಹಾಸಿ, ಮೇಲೆ ಜಮಖಾನೆ ಹಾಸಿ, ಅಜ್ಜಿಯರು, ಸೊಸೆಯಂದಿರು, ಕೂಸುಗಳು, ಗಂಡಸರು. ಮುಂದಿನ ಟ್ರೇಲರಿನಲ್ಲಿ ಚಂಪಾ ಆಯಿ ಶಾಲು ಹೊದ್ದು ಪಟ್ಟದ ರಾಣಿಯ ಹಾಗೆ ಕೂತಿದ್ದರು. "ಅರೇ ದೇವಾ!" ಎಂದು ಬಾಬು ತಲೆಯ ಮೇಲೆ ಕೈಯಿಟ್ಟುಕೊಂಡ. ಕುರ್ಚಿ ಸಾಲದೆ ತಾಡಪತ್ರಿ ಹಾಸಿದೆವು.

ಶಾಂತಕ್ಕ ರಂಗಕ್ಕೆ ಬರುತ್ತಿದ್ದ ಹಾಗೆ ತಂಬು ತುಂಬ "ಆಯಿ! ಆಯಿ!" ಎಂದು ಕೂಗಾಟ. ಸದ್ದು ಇಳಿಯುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಆಯಿ ಎದ್ದು ನಿಂತೇಬಿಟ್ಟರು. "ಸೆರಗ ತಲಿ ಮ್ಯಾಲ ಹೊದಿ ಬೇ! ನಾ ಯಾವಾಗ ಬರೇ ತಲೀಲೇ ಅಡ್ಡಾಡೇನಿ?" ಶಾಂತಕ್ಕ ಪಾತ್ರ ಬಿಡಲಿಲ್ಲ. ಸೆರಗನ್ನು ತಲೆಯ ಮೇಲೆಳೆದುಕೊಂಡು, "ತಪ್ಪಾತ್ರಿ ನಮ್ಮವ್ವಾ, ಬೀಗರು ಬರೂ ಗಡಿಬಿಡ್ಯಾಗ ಮರತೆ," ಎಂದು ಕೈಮುಗಿದರು. ತಂಬು ಹಾರಿಹೋಗುವ ಹಾಗೆ ನಕ್ಕರು ಜನ. ಅಜ್ಜಿ ಉಪವಾಸ ಮಲಗುವ ದೃಶ್ಯ ಬಂದಾಗ ಅದೇ ಜನ ಉಸಿರೆತ್ತಲಿಲ್ಲ. ಚಪ್ಪಾಳೆ ಹೊಡೆಯುವುದನ್ನೂ ಮರೆತರು. ಅಂಥ ಕಲಾವಿದೆ ಅವರು. ನಾನು ಆಮೇಲೆ ಎಷ್ಟೋ ದೊಡ್ಡ ಹೆಸರಿನವರ ಕಾರ್ಯಕ್ರಮ ಮಾಡಿಸಿದ್ದೇನೆ, ಆ ಮೌನವನ್ನು ಮತ್ತೆ ಕೇಳಿಲ್ಲ.

ಆಟ ಮುಗಿದ ಮೇಲೆ ಆಯಿ ಒಳಗೆ ಬಂದರು. ಶಾಂತಕ್ಕ ಅಲ್ಲೇ ಸೀರೆ ಬಿಚ್ಚಿ, ಬೇರೆ ಸುತ್ತಿಕೊಂಡು, ಹಸಿರು ಸೀರೆಯನ್ನು ಮಡಿಕೆ ಮಾಡಿ ಎರಡೂ ಕೈಯಿಂದ ಕೊಟ್ಟರು. ಆಯಿ ತೆಗೆದುಕೊಳ್ಳಲಿಲ್ಲ.

"ಒಯ್ದರ ಹೆಂಗವಾ? ನಾಳಿ ಏನ್ ಉಡತಿ ಮತ್ತ?"

ನಾಳೆ ಎಂಬ ಮಾತು ಕೇಳಿ ಶಾಂತಕ್ಕ ಆಯಿಯ ಹೆಗಲಿಗೆ ತಲೆಯಿಟ್ಟು ಅತ್ತರು. ಎಂಟು ದಿನದಿಂದ ಹಿಡಿದಿಟ್ಟಿದ್ದ ಅಳು. ವೀರಭದ್ರಪ್ಪ ಮುಖ ತಿರುಗಿಸಿಕೊಂಡು ಮೀಸೆಯ ಅಂಟು ಬಿಡಿಸುತ್ತ ನಿಂತಿದ್ದರು. ಮಾಲಕರಿಗೆ ಫೋನು ಮಾಡಿದ್ದೂ ಅವರೇ. "ಏಳರ ಆಟ ಹೌಸ್‌ಫುಲ್‌ರಿ. ಶಾಮಿಯಾನಾದಾಂವಗ ಬ್ಯಾರೆ ತಂಬು ನೋಡಕೋ ಅನ್ರಿ," ಎಂದರು. ಆ ಕ್ಯಾಂಪು ಕಬ್ಬಿನ ಹಂಗಾಮು ಮುಗಿಯುವವರೆಗೂ ನಡೆಯಿತು.

ಚಂಪಾ ಆಯಿ ಎರಡು ವರ್ಷದ ಹಿಂದೆ ತೀರಿಕೊಂಡರು. ನಾನು ಕಂಪನಿ ಬಿಟ್ಟು ಮೊಬೈಲಿನಲ್ಲಿ ಟಿಕೆಟ್ ಮಾರುವವಳಾದೆ. ಮೊನ್ನೆ ಆ ಬಸ್ಸಿನಿಂದ ರಾಯಬಾಗದ ನಿಲ್ದಾಣದಲ್ಲಿ ಇಳಿದಾಗ ಕತ್ತಲಾಗಿತ್ತು. ಮೊಬೈಲು ತೆಗೆದೆ, ನಾನೇ ಒಪ್ಪಿಗೆ ಕೊಟ್ಟಿದ್ದ ನಮ್ಮ ಪೋಸ್ಟರು ಹೊಳೆಯುತ್ತಿತ್ತು: ಸಮಯ ರಾತ್ರಿ ಒಂಬತ್ತೂವರೆ. ಕೆಳಗೆ, ಟಿಕೆಟ್ಟಿನೊಂದಿಗೆ ಬಿರಿಯಾನಿ ಉಚಿತ. ನನಗೆ ನಗು ಬಂತು, ನಾಚಿಕೆಯೂ ಆಯಿತು. ಅಲ್ಲೇ ನಿಂತು ಶಾಂತಕ್ಕನಿಗೆ ಫೋನು ಹಚ್ಚಿದೆ. ಆ ಕಡೆಯಿಂದ ಹಾರ್ಮೋನಿಯಂ ಶ್ರುತಿ ಕೇಳುತ್ತಿತ್ತು.

"ಅಕ್ಕಾ, ರಾಯಬಾಗಕ್ಕ ಬಂದೇನ್ರಿ. ಟಿಕೆಟ್ ಹೋಗವಲ್ಲವು."

"ಯಾರ ಮನ್ಯಾಗ ನೀರ ಕುಡದಿ?"

"ಇನ್ನೂ ಇಲ್ರಿ."

"ಮತ್ತ ನನಗ್ಯಾಕ ಫೋನ್ ಮಾಡಿದಿ, ಖೋಡಿ?" ಎಂದು ನಕ್ಕರು. "ಇಡು ಇನ್ನ. ಆಯಿ ಸೀರಿ ಉಟಗೊಂಡು ನಿಂತೇನಿ. ಏಳಕ್ಕ ಎರಡ ನಿಮಿಷ ಐತಿ."

ಫೋನು ಇಟ್ಟು ರಸ್ತೆ ದಾಟಿದೆ. ಎದುರಿನ ಮನೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಉಂಡು ಕೈ ತೊಳೆದುಕೊಂಡು ಬಂದು ಸುಮ್ಮನೆ ಕೂತಿದ್ದಳು. ಅವಳ ಮುಂದೆ ಹೋಗಿ ನಿಂತು, "ಒಂದ ತಂಬಗಿ ನೀರ ಕೊಡ್ರಿ ಅಕ್ಕಾರ," ಎಂದೆ.